ಹೋಲಿಕೆಯ ಶೇಕಡಾ ಮಿತಿಯಿಂದ ಕೃತಿಚೌರ್ಯವನ್ನು ತಡೆಯಬಹುದೇ? ಸಂಶೋಧನಾ ಪತ್ರಿಕೆಗೆ ನಿಯಮ ಬರೆಯುವವರ ಪ್ರಶ್ನೆ

ಪ್ರಶ್ನೆ: ಸಂಪಾದಕ ಮಂಡಳಿಯ ಸದಸ್ಯೆ

ಎಲ್ಲರಿಗೂ ನಮಸ್ಕಾರ. ಸಮಾಜವಿಜ್ಞಾನ ಮತ್ತು ಸಾರ್ವಜನಿಕ ಆರೋಗ್ಯದ ಲೇಖನಗಳನ್ನು ಪ್ರಕಟಿಸುವ ಸಣ್ಣದೊಂದು ಸಂಶೋಧನಾ ಪತ್ರಿಕೆಯ ಸಂಪಾದಕ ಮಂಡಳಿಯಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಬಂದ ಲೇಖನಗಳನ್ನು ತಜ್ಞರ ವಿಮರ್ಶೆಗೆ ಕಳುಹಿಸುವ ಮೊದಲು ಹೋಲಿಕೆ ಪತ್ತೆ ಮಾಡುವ ತಂತ್ರಾಂಶದಲ್ಲಿ ಪರೀಕ್ಷಿಸುವುದನ್ನು ಮಂಡಳಿ ಕಡ್ಡಾಯ ಮಾಡಲಿದ್ದು, ಅದಕ್ಕೊಂದು ನಿಯಮ ಬರೆದುಕೊಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಬಹುತೇಕ ಸದಸ್ಯರ ಅಪೇಕ್ಷೆ ಸರಳವಾಗಿದೆ. ಹೋಲಿಕೆ ಶೇಕಡಾ 15ನ್ನು ಮೀರಿದರೆ ಲೇಖನವನ್ನು ತಿರಸ್ಕರಿಸಬೇಕು, ಅದಕ್ಕಿಂತ ಕಡಿಮೆಯಿದ್ದರೆ ವಿಮರ್ಶೆಗೆ ಕಳುಹಿಸಬೇಕು.

ಕೆಲವು ಲೇಖನಗಳ ಮೇಲೆ ತಂತ್ರಾಂಶವನ್ನು ಪ್ರಯೋಗಿಸಿ ನೋಡಿದ ಮೇಲೆ ಈ ಸರಳತೆಯಲ್ಲಿ ನನಗೆ ನಂಬಿಕೆ ಉಳಿಯಲಿಲ್ಲ. ಒಂದು ಲೇಖನದ ಹೋಲಿಕೆ ಶೇಕಡಾ 34 ಎಂದು ಬಂದಿತ್ತು. ವರದಿಯನ್ನು ತೆರೆದು ನೋಡಿದರೆ, ಅದರ ಬಹುಪಾಲು ಅದೇ ಲೇಖಕರು ಮೊದಲೇ ಪ್ರಿಪ್ರಿಂಟ್ ಸಂಗ್ರಹದಲ್ಲಿ, ಅಂದರೆ ವಿಮರ್ಶೆಗೆ ಮುಂಚಿನ ಬರಹಗಳನ್ನು ಎಲ್ಲರಿಗೂ ಕಾಣುವಂತೆ ಇಡುವ ಜಾಲತಾಣದಲ್ಲಿ, ಇರಿಸಿದ್ದ ಅದೇ ಬರಹವಾಗಿತ್ತು. ಉಳಿದದ್ದು ಗ್ರಂಥಸೂಚಿ ಮತ್ತು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಪ್ರಶ್ನಾವಳಿಯೊಂದರ ವಾಕ್ಯಗಳು. ಇನ್ನೊಂದು ಲೇಖನದ ಹೋಲಿಕೆ ಶೇಕಡಾ 9 ಮಾತ್ರ. ಆದರೆ ಅದರ ವಾದದ ಹೆಜ್ಜೆಗಳು, ಉದಾಹರಣೆಗಳ ಅನುಕ್ರಮ, ಎತ್ತಿಕೊಂಡ ಆಕ್ಷೇಪಗಳು, ಕೊನೆಗೆ ಉಲ್ಲೇಖಗಳ ಸರಣಿ ಕೂಡ ಬೇರೊಂದು ಭಾಷೆಯಲ್ಲಿ ಪ್ರಕಟವಾಗಿದ್ದ ಲೇಖನವನ್ನೇ ಹಿಂಬಾಲಿಸುತ್ತಿದ್ದವು. ಆ ಮೂಲವನ್ನು ಓದಿದ್ದ ಸದಸ್ಯರೊಬ್ಬರು ಮಂಡಳಿಯಲ್ಲಿದ್ದುದರಿಂದ ಮಾತ್ರ ಅದು ಗೊತ್ತಾಯಿತು. ಶೇಕಡಾ 15ರ ನಿಯಮವನ್ನು ಹಾಗೆಯೇ ಅನ್ವಯಿಸಿದ್ದರೆ ಪ್ರಾಮಾಣಿಕ ಲೇಖನ ಹೊರಗುಳಿದು, ಕದ್ದ ಲೇಖನ ಒಳಗೆ ಬರುತ್ತಿತ್ತು.

ಹೀಗಿರುವಾಗ ಸಂಖ್ಯೆಯನ್ನು ಪೂರ್ತಿಯಾಗಿ ಕೈಬಿಡಬೇಕೇ, ಅಥವಾ ಅದಕ್ಕೊಂದು ಸೀಮಿತ ಸ್ಥಾನ ಕೊಡಬೇಕೇ? ಲೇಖಕರು ತಮ್ಮದೇ ಹಿಂದಿನ ಬರಹದಿಂದ ಎತ್ತಿಕೊಂಡ ಭಾಗಗಳನ್ನು ಹೇಗೆ ಪರಿಗಣಿಸಬೇಕು? ಅನುವಾದದ ಮೂಲಕ ನಡೆಯುವ ಕೃತಿಚೌರ್ಯಕ್ಕೆ ಯಾವ ಉಪಾಯವಿದೆ? ಪತ್ತೆ ಮಾಡುವುದಕ್ಕಿಂತಲೂ ತಡೆಯುವುದು ನಮ್ಮ ಮುಖ್ಯ ಆಶಯ. ಇಂಥ ಕೆಲಸದಲ್ಲಿ ಅನುಭವವಿರುವವರು ವಿವರವಾಗಿ ಬರೆದರೆ ನಿಯಮದ ಕರಡಿಗೆ ನಿಜವಾದ ಸಹಾಯವಾಗುತ್ತದೆ.

ಉತ್ತರ 1: ವಿಜ್ಞಾನ ಪತ್ರಿಕೆಯೊಂದರ ಸಂಪಾದಕ

ನಿಮ್ಮ ಅನುಮಾನ ಸರಿಯಾಗಿದೆ. ಮಂಡಳಿಯ ಮುಂದೆ ಅದನ್ನು ಗಟ್ಟಿಯಾಗಿಯೇ ಹೇಳಿ. ತಂತ್ರಾಂಶ ಅಳೆಯುವುದು ಎರಡು ಬರಹಗಳಲ್ಲಿ ಒಂದೇ ಆಗಿರುವ ಪದಸಾಲುಗಳನ್ನು. ಆ ಸಾಲುಗಳು ಏಕೆ ಒಂದೇ ಆಗಿವೆ, ಮೂಲದ ಋಣವನ್ನು ಲೇಖಕರು ಒಪ್ಪಿಕೊಂಡಿದ್ದಾರೆಯೇ, ಎತ್ತಿಕೊಂಡದ್ದು ಸಾಮಾನ್ಯ ವಿವರಣೆಯೋ ಅಥವಾ ಲೇಖನದ ಹುರುಳೋ ಎಂಬುದನ್ನು ಅದು ಹೇಳಲಾರದು. ಕೃತಿಚೌರ್ಯ ಎನ್ನುವುದು ಒಂದು ತೀರ್ಮಾನ. ಹೋಲಿಕೆ ಆ ತೀರ್ಮಾನಕ್ಕೆ ಬೇಕಾಗುವ ಸಾಕ್ಷ್ಯಗಳಲ್ಲಿ ಒಂದು ಮಾತ್ರ.

ವರದಿಯನ್ನು ಓದುವಾಗ ನಾನು ಒಟ್ಟು ಶೇಕಡಾವನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಹೋಲಿಕೆ ಎಷ್ಟು ಮೂಲಗಳಲ್ಲಿ ಹರಡಿಕೊಂಡಿದೆ ಎಂಬುದನ್ನು. ಶೇಕಡಾ 30ರಷ್ಟು ಹೋಲಿಕೆ ಹತ್ತಾರು ಮೂಲಗಳಲ್ಲಿ ಚೂರುಚೂರಾಗಿ ಹಂಚಿಹೋಗಿದ್ದರೆ, ಸಾಮಾನ್ಯವಾಗಿ ಅದು ಆ ಕ್ಷೇತ್ರದ ರೂಢಿಯ ನುಡಿಗಟ್ಟುಗಳು, ಸಂಖ್ಯಾಶಾಸ್ತ್ರೀಯ ವಿಧಾನಗಳ ಹೆಸರುಗಳು, ಸಂಸ್ಥೆಗಳ ವಿಳಾಸಗಳು, ನೈತಿಕ ಅನುಮತಿಯ ಹೇಳಿಕೆಗಳು ಇವುಗಳಿಂದ ಬಂದಿರುತ್ತದೆ. ಅದೇ ಶೇಕಡಾ 8ರಷ್ಟು ಹೋಲಿಕೆ ಒಂದೇ ಮೂಲದಿಂದ, ಅದೂ ಚರ್ಚೆಯ ಭಾಗಕ್ಕೆ ಬಂದಿದ್ದರೆ ನಾನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಆ ಮೂಲವನ್ನೇ ತೆರೆಯುತ್ತೇನೆ. ಎರಡನೆಯದಾಗಿ ನೋಡುವುದು ಹೋಲಿಕೆಯ ಜಾಗವನ್ನು. ಒಂದು ರಾಸಾಯನಿಕ ಪರೀಕ್ಷೆಯನ್ನು ಹೇಗೆ ನಡೆಸಿದರು ಎಂಬುದನ್ನು ಹೇಳಲು ಭಾಷೆಯಲ್ಲಿ ಅಷ್ಟೇನೂ ದಾರಿಗಳಿಲ್ಲ. ವಿಧಾನದ ಭಾಗದಲ್ಲಿ ಒಂದಿಷ್ಟು ಹೋಲಿಕೆ ಇರುವುದು ಸಹಜ, ಕೆಲವೊಮ್ಮೆ ಅಗತ್ಯವೂ ಹೌದು. ಫಲಿತಾಂಶ, ಚರ್ಚೆ ಮತ್ತು ತೀರ್ಮಾನದಲ್ಲಿ ಅದೇ ಮಾತು ಅನ್ವಯಿಸುವುದಿಲ್ಲ. ಇನ್ನೊಬ್ಬರ ಚರ್ಚೆಯ ಭಾಗ ನಿಮ್ಮ ಲೇಖನದಲ್ಲಿ ಕಾಣಿಸಿಕೊಂಡರೆ ಕಳುವಾಗಿರುವುದು ವಾಕ್ಯವಷ್ಟೇ ಅಲ್ಲ, ಯೋಚನೆಯೂ ಹೌದು.

ಪ್ರಕಟಣಾ ನೀತಿಗೆ ಸಂಬಂಧಿಸಿ ಜಗತ್ತಿನ ಬಹಳಷ್ಟು ಪತ್ರಿಕೆಗಳು ಮಾರ್ಗದರ್ಶನಕ್ಕೆ ನೋಡುವ ಸಂಸ್ಥೆಯೆಂದರೆ 1997ರಲ್ಲಿ ಕೆಲವು ಸಂಪಾದಕರು ಸೇರಿ ಆರಂಭಿಸಿದ ಕಮಿಟಿ ಆನ್ ಪಬ್ಲಿಕೇಷನ್ ಎಥಿಕ್ಸ್, ಅಂದರೆ ಕೋಪ್. ಯಾವ ಸಂದರ್ಭದಲ್ಲಿ ಏನು ಮಾಡಬೇಕೆಂದು ಹೆಜ್ಜೆಹೆಜ್ಜೆಯಾಗಿ ತೋರಿಸುವ ಆ ಸಂಸ್ಥೆಯ ಕ್ರಮಚಿತ್ರಗಳು ಪ್ರಕರಣವನ್ನು ವಿಂಗಡಿಸುವುದು ಶೇಕಡಾ ಲೆಕ್ಕದಿಂದಲ್ಲ, ಎತ್ತಿಕೊಂಡದ್ದರ ಸ್ವರೂಪದಿಂದ. ಬೇರೆಯವರ ಬರಹದ ಅಥವಾ ದತ್ತಾಂಶದ ದೊಡ್ಡ ಭಾಗವನ್ನು ಹೆಸರು ಹೇಳದೆ ತಮ್ಮದೆಂದು ತೋರಿಸಿಕೊಂಡದ್ದು ಒಂದು ಕಡೆ, ಚಿಕ್ಕ ನುಡಿಗಟ್ಟುಗಳನ್ನು ಎತ್ತಿಕೊಂಡದ್ದು ಇನ್ನೊಂದು ಕಡೆ. ಎರಡಕ್ಕೂ ಮುಂದಿನ ಹೆಜ್ಜೆಗಳು ಬೇರೆಬೇರೆ. ನಿಮ್ಮ ನಿಯಮವನ್ನು ಈ ಭೇದದ ಮೇಲೆ ಕಟ್ಟಿದರೆ ಅದು ಬಾಳಿಕೆ ಬರುತ್ತದೆ.

ಶೇಕಡಾ ಮಿತಿಯ ಇನ್ನೊಂದು ಕೆಟ್ಟ ಪರಿಣಾಮದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ತಡೆಯುವ ಪ್ರಶ್ನೆಗೆ ಅದು ನೇರವಾಗಿ ಸಂಬಂಧಿಸಿದೆ. ಮಿತಿಯನ್ನು ಬಹಿರಂಗವಾಗಿ ಘೋಷಿಸಿದ ದಿನದಿಂದ ಅದೇ ಲೇಖಕರ ಗುರಿಯಾಗುತ್ತದೆ. ಮೂಲಕ್ಕೆ ಹೋಗಿ ಉಲ್ಲೇಖವನ್ನು ಸರಿಪಡಿಸುವ ಬದಲು, ಸಂಖ್ಯೆ ಇಳಿಯುವವರೆಗೆ ಪದಗಳನ್ನು ಬದಲಾಯಿಸುತ್ತಾ ಹೋಗುವುದು ಸುಲಭ ಎನಿಸುತ್ತದೆ. ಆ ಕೆಲಸವನ್ನು ಮಾಡಿಕೊಡುವ ತಂತ್ರಾಂಶಗಳೂ ಇವೆ. 2021ರಲ್ಲಿ ಗಿಯೋಮ್ ಕಬಾನಾಕ್, ಸಿರಿಲ್ ಲಾಬೆ ಮತ್ತು ಅಲೆಕ್ಸಾಂಡರ್ ಮಗಜಿನೋವ್ ಎಂಬ ಸಂಶೋಧಕರು ಪ್ರಕಟಿತ ಲೇಖನಗಳಲ್ಲಿ ಇಂಥ ತಿರುಚಿದ ಪದಪುಂಜಗಳನ್ನು ಹುಡುಕಿ ತೋರಿಸಿದರು. ಸ್ತನ ಕ್ಯಾನ್ಸರ್ ಎಂದಿರಬೇಕಾದಲ್ಲಿ ಎದೆಯ ಗಂಡಾಂತರ ಎಂಬರ್ಥದ ಮಾತು, ಕೃತಕ ಬುದ್ಧಿಮತ್ತೆ ಎಂದಿರಬೇಕಾದಲ್ಲಿ ನಕಲಿ ಪ್ರಜ್ಞೆ ಎಂಬರ್ಥದ ಮಾತು ಇಂಗ್ಲಿಷ್ ಲೇಖನಗಳಲ್ಲಿ ಅಚ್ಚಾಗಿದ್ದವು. ಅವು ತಜ್ಞರ ವಿಮರ್ಶೆಯನ್ನು ದಾಟಿ ಬಂದ ಲೇಖನಗಳು ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಹೋಲಿಕೆಯ ಪ್ರಮಾಣ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ಯಾರೂ ಆ ಪುಟಗಳನ್ನು ಗಮನವಿಟ್ಟು ಓದದೇ ಇದ್ದರೆ, ತಪಾಸಣೆಯೇ ಕಳವಿಗೆ ಪ್ರಮಾಣಪತ್ರ ಕೊಟ್ಟಂತಾಗುತ್ತದೆ.

ಹಾಗಾಗಿ ಸಂಖ್ಯೆಗೆ ಒಂದೇ ಒಂದು ಸ್ಥಾನ ಕೊಡಿ: ಯಾವ ವರದಿಯನ್ನು ಮೊದಲು ಓದಬೇಕು, ಯಾವುದನ್ನು ಇಬ್ಬರು ಓದಬೇಕು ಎಂದು ನಿರ್ಧರಿಸಲು ಅದು ನೆರವಾಗಲಿ. ಸ್ವೀಕಾರಕ್ಕಾಗಲಿ ತಿರಸ್ಕಾರಕ್ಕಾಗಲಿ ಅದು ಕಾರಣವಾಗಬಾರದು. ವರದಿಯನ್ನು ಓದಿದವರು ಯಾರು, ಅವರಿಗೆ ಕಂಡದ್ದೇನು ಎಂಬುದನ್ನು ನಾಲ್ಕು ಸಾಲಿನಲ್ಲಿ ಕಡತದಲ್ಲಿ ಬರೆದಿಡುವುದು ಕಡ್ಡಾಯವಾಗಲಿ.

ಉತ್ತರ 2: ಪ್ರಕಟಣಾ ವಿಭಾಗದ ತಾಂತ್ರಿಕ ಸಿಬ್ಬಂದಿ

ಮೇಲಿನ ಮಾತುಗಳನ್ನು ಒಪ್ಪುತ್ತಾ, ತಂತ್ರಾಂಶದ ಒಳಗಿನ ಕೆಲಸದ ಬಗ್ಗೆ ಕೆಲವು ವಿಷಯ ಸೇರಿಸುತ್ತೇನೆ. ಸಂಶೋಧನಾ ಪತ್ರಿಕೆಗಳಲ್ಲಿ ಈ ತಪಾಸಣೆ ವ್ಯಾಪಕವಾಗಲು ಮುಖ್ಯ ಕಾರಣ, ಪ್ರತಿ ಲೇಖನಕ್ಕೂ ಕೊಡುವ ಶಾಶ್ವತ ಗುರುತಾದ ಡಿಒಐ ಸಂಖ್ಯೆಗಳನ್ನು ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ 2008ರಲ್ಲಿ ಕ್ರಾಸ್‌ಚೆಕ್ ಎಂಬ ಹೆಸರಿನಲ್ಲಿ ಆರಂಭಿಸಿದ ಸೇವೆ. ಈಗ ಅದಕ್ಕೆ ಸಿಮಿಲಾರಿಟಿ ಚೆಕ್ ಎಂಬ ಹೆಸರಿದೆ. ಆ ಸೇವೆಯ ಹಿನ್ನೆಲೆಯಲ್ಲಿ ಕೆಲಸ ಮಾಡುವ ತಂತ್ರಾಂಶ ಐಥೆಂಟಿಕೇಟ್. ಇದರ ಬಲವಿರುವುದು ಪರಸ್ಪರ ಕೊಡುಕೊಳ್ಳುವಿಕೆಯಲ್ಲಿ. ಸೇವೆಯನ್ನು ಪಡೆಯುವ ಪ್ರಕಾಶಕರು ತಮ್ಮ ಲೇಖನಗಳ ಪೂರ್ಣಪಠ್ಯವನ್ನೂ ಹೋಲಿಕೆಗೆ ತೆರೆದಿಡುತ್ತಾರೆ, ಚಂದಾದಾರರಿಗಷ್ಟೇ ಸಿಗುವ ಲೇಖನಗಳೂ ಅದರಲ್ಲಿ ಸೇರುತ್ತವೆ. ಹಾಗೆ ಎಲ್ಲರ ಸಂಗ್ರಹ ಬೆಳೆದಷ್ಟೂ ಎಲ್ಲರ ತಪಾಸಣೆ ಚುರುಕಾಗುತ್ತದೆ. ನಿಮ್ಮ ಪತ್ರಿಕೆ ತನ್ನ ಹಳೆಯ ಸಂಚಿಕೆಗಳನ್ನು ಈ ಸಂಗ್ರಹಕ್ಕೆ ಸೇರಿಸಿಲ್ಲವಾದರೆ ನಿಮ್ಮ ಲೇಖಕರ ಕೆಲಸವನ್ನು ಇನ್ನೊಬ್ಬರು ಕದ್ದರೂ ಈ ತಪಾಸಣೆಯಲ್ಲಿ ಗೊತ್ತಾಗದೇ ಹೋಗಬಹುದು. ತಡೆಯುವ ಕೆಲಸದಲ್ಲಿ ಇದು ಮೊದಲ ಹೆಜ್ಜೆ ಎಂದು ನಾನು ಭಾವಿಸುತ್ತೇನೆ, ಆದರೆ ಇದರ ಬಗ್ಗೆ ಮಾತನಾಡುವವರು ಕಡಿಮೆ.

ತನ್ನ ಸಂಗ್ರಹದಲ್ಲಿ ಇಲ್ಲದ್ದನ್ನು ಯಾವ ತಂತ್ರಾಂಶವೂ ಹುಡುಕಲಾರದು. ಚಿತ್ರರೂಪದಲ್ಲಿ ಸ್ಕ್ಯಾನ್ ಆಗಿರುವ ಹಳೆಯ ಪುಸ್ತಕಗಳು, ಗ್ರಂಥಾಲಯದ ಕಪಾಟಿನಲ್ಲಷ್ಟೇ ಇರುವ ಪ್ರಬಂಧಗಳು, ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಅಚ್ಚಾದ ಪಿಡಿಎಫ್‌ಗಳು ಅದಕ್ಕೆ ಕಾಣುವುದೇ ಇಲ್ಲ. ಹಳೆಯ ಫಾಂಟ್‌ನ ಕಡತದಲ್ಲಿ ಕಣ್ಣಿಗೆ ಕಾಣುವುದು ಒಂದು ಲಿಪಿಯ ಅಕ್ಷರಗಳಾದರೆ, ಯಂತ್ರ ಓದುವುದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಇಂಗ್ಲಿಷ್ ಅಲ್ಲದ ಭಾಷೆಗಳ ಲೇಖನಗಳಿಗೆ ಶೇಕಡಾ 2 ಅಥವಾ 3 ಎಂದು ವರದಿ ಬಂದಾಗ ಸಂತೋಷಪಡುವ ಮೊದಲು, ಆ ಭಾಷೆಯ ಎಷ್ಟು ಸಾಹಿತ್ಯ ಸಂಗ್ರಹದಲ್ಲಿ ಇದೆ ಎಂಬುದನ್ನು ಕೇಳಿಕೊಳ್ಳಬೇಕು.

ಮರೆಮಾಚುವ ತಂತ್ರಗಳೂ ಇವೆ. ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ನೋಡಲು ಅವುಗಳಂತೆಯೇ ಇರುವ ಸಿರಿಲಿಕ್ ಅಕ್ಷರಗಳನ್ನು ಕೂರಿಸುವುದು ಒಂದು. ಉದ್ಧರಣ ಚಿಹ್ನೆಯೊಳಗಿನ ಭಾಗವನ್ನು ಲೆಕ್ಕಕ್ಕೆ ಹಿಡಿಯಬೇಡ ಎಂಬ ಆಯ್ಕೆ ತಂತ್ರಾಂಶದಲ್ಲಿ ಇರುವುದರಿಂದ, ಬಿಳಿ ಬಣ್ಣದ, ಕಣ್ಣಿಗೆ ಕಾಣದ ಉದ್ಧರಣ ಚಿಹ್ನೆಗಳ ನಡುವೆ ಪುಟಗಟ್ಟಲೆ ಬರಹವನ್ನು ಅಡಗಿಸಿಡುವುದು ಇನ್ನೊಂದು. ಬರಹವನ್ನೇ ಚಿತ್ರವಾಗಿ ಅಂಟಿಸುವುದು ಮತ್ತೊಂದು. ಇವನ್ನು ಹಿಡಿಯಲು ದುಬಾರಿ ಸಾಧನ ಬೇಕಿಲ್ಲ. ಕಡತದಿಂದ ಬರೀ ಪಠ್ಯವನ್ನು ಹೊರತೆಗೆದು, ಕಾಣುವ ಪುಟದ ಪಕ್ಕದಲ್ಲಿಟ್ಟು ಒಮ್ಮೆ ಕಣ್ಣಾಡಿಸಿದರೆ ಸಾಕು. ಪದಗಳ ಎಣಿಕೆ ವಿಚಿತ್ರವಾಗಿದ್ದರೆ ಅಲ್ಲೇ ಸುಳಿವು ಸಿಗುತ್ತದೆ. ಗ್ರಂಥಸೂಚಿಯನ್ನು ಬಿಟ್ಟು ಲೆಕ್ಕ ಹಾಕುವುದು ಸರಿ. ಆದರೆ ಉದ್ಧರಣಗಳನ್ನು ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ, ಹೀಗೆ ಎರಡು ಬಾರಿ ವರದಿ ತೆಗೆಯುವುದು ಒಳ್ಳೆಯದು. ಎರಡರ ನಡುವಿನ ಅಂತರ ದೊಡ್ಡದಾಗಿದ್ದರೆ ಕಾರಣವನ್ನು ಹುಡುಕಬೇಕು.

ಚಿತ್ರಗಳನ್ನು ಮರೆಯಬೇಡಿ. ಎಲಿಸಬೆತ್ ಬಿಕ್ ಮತ್ತು ಅವರ ಸಹಲೇಖಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೀವವೈದ್ಯಕೀಯ ಕ್ಷೇತ್ರದ 20,621 ಲೇಖನಗಳ ಚಿತ್ರಗಳನ್ನು ಕಣ್ಣಿನಿಂದಲೇ ಪರಿಶೀಲಿಸಿದಾಗ, ಸುಮಾರು ಶೇಕಡಾ 3.8ರಷ್ಟು ಲೇಖನಗಳಲ್ಲಿ ಅನುಮಾನ ಹುಟ್ಟಿಸುವ ಚಿತ್ರಗಳ ನಕಲು ಕಂಡುಬಂದಿತು. ಪದಗಳನ್ನು ಹೋಲಿಸುವ ತಂತ್ರಾಂಶಕ್ಕೆ ಇವುಗಳಲ್ಲಿ ಒಂದೂ ಕಾಣುತ್ತಿರಲಿಲ್ಲ.

ಇನ್ನೊಂದು ಎಚ್ಚರಿಕೆ. ಹಣ ಉಳಿಸುವ ಆಸೆಯಿಂದ, ಹಿನ್ನೆಲೆ ಗೊತ್ತಿಲ್ಲದ ಉಚಿತ ಜಾಲತಾಣಗಳಿಗೆ ಅಪ್ರಕಟಿತ ಹಸ್ತಪ್ರತಿಯನ್ನು ಏರಿಸಬೇಡಿ. ಲೇಖಕರು ಪತ್ರಿಕೆಯನ್ನು ನಂಬಿ ಕೊಟ್ಟ ಬರಹ ಅದು. ಅಲ್ಲಿ ಅದು ಎಲ್ಲಿ ಉಳಿಯುತ್ತದೆ, ಯಾರ ಕೈ ಸೇರುತ್ತದೆ ಎಂಬುದಕ್ಕೆ ಯಾರ ಹೊಣೆಯೂ ಇರುವುದಿಲ್ಲ.

ಉತ್ತರ 3: ಸಂಶೋಧಕಿ, ಲೇಖಕರ ಪರವಾಗಿ

ಸಂಪಾದಕರ ಕಡೆಯಿಂದ ಬಂದ ಮಾತುಗಳಿಗೆ ಗೌರವ ಸಲ್ಲಿಸುತ್ತಲೇ, ಈ ಚರ್ಚೆ ಪೂರ್ತಿಯಾಗಿ ಹಿಡಿಯುವುದರ ಕಡೆಗೆ ವಾಲುತ್ತಿದೆ ಎಂದು ನನಗನಿಸುತ್ತದೆ. ಪ್ರಶ್ನೆ ಕೇಳಿದವರ ಆಶಯ ತಡೆಯುವುದು. ಲೇಖನ ನಿಮ್ಮ ಕೈಗೆ ಬರುವ ಬಹಳ ಮೊದಲೇ, ಲೇಖಕರು ಟಿಪ್ಪಣಿ ಮಾಡಿಕೊಳ್ಳುವ ಹಂತದಲ್ಲೇ ಎಷ್ಟೋ ಬಾರಿ ತಪ್ಪು ಬೇರೂರಿರುತ್ತದೆ. ಓದಿದ ಲೇಖನದಿಂದ ಒಂದು ಪರಿಚ್ಛೇದವನ್ನು ನಕಲಿಸಿ ತಮ್ಮ ಕಡತಕ್ಕೆ ಅಂಟಿಸಿಕೊಳ್ಳುತ್ತಾರೆ, ಅದರ ಮೂಲವನ್ನು ಪಕ್ಕದಲ್ಲಿ ಬರೆಯುವುದಿಲ್ಲ. ತಿಂಗಳುಗಳ ನಂತರ ಅದು ತಮ್ಮದೇ ವಾಕ್ಯ ಎಂಬ ಭಾವನೆಯಿಂದ ಲೇಖನಕ್ಕೆ ಸೇರುತ್ತದೆ. ಕೆಲವು ಮೂಲ ಪದಗಳ ಜಾಗದಲ್ಲಿ ಪರ್ಯಾಯ ಪದಗಳನ್ನಿಟ್ಟು, ವಾಕ್ಯದ ಎಲುಬುಗೂಡನ್ನು ಹಾಗೇ ಉಳಿಸಿಕೊಂಡರೆ ಅದು ಸ್ವಂತ ಬರವಣಿಗೆ ಎಂದು ಪ್ರಾಮಾಣಿಕವಾಗಿಯೇ ನಂಬಿರುವ ಹೊಸ ಸಂಶೋಧಕರು ಬಹಳ ಮಂದಿ ಇದ್ದಾರೆ. ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಲೇಖಕರಿಗೆ ನೀಡುವ ಸೂಚನೆಗಳಲ್ಲಿ ‘ಕೃತಿಚೌರ್ಯವನ್ನು ಸಹಿಸುವುದಿಲ್ಲ’ ಎಂಬ ಒಂದು ಸಾಲಿನ ಬೆದರಿಕೆಯ ಬದಲು, ಒಂದು ಮೂಲ ಪರಿಚ್ಛೇದ, ಅದರ ತಪ್ಪಾದ ರೂಪಾಂತರ ಮತ್ತು ಸರಿಯಾದ ರೂಪಾಂತರ ಇವನ್ನು ಒಟ್ಟಿಗೆ ಕೊಟ್ಟರೆ ಅದರಿಂದ ಆಗುವ ಉಪಕಾರ ದೊಡ್ಡದು.

ಸ್ವಂತ ಬರಹದ ಮರುಬಳಕೆಯನ್ನು ಕಳವಿನ ಜತೆ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾನು ಒಪ್ಪುವುದಿಲ್ಲ. ಒಂದೇ ಸಮೀಕ್ಷೆಯಿಂದ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಹುಡುಕಿ ಎರಡು ಲೇಖನ ಬರೆದಾಗ, ಸಮೀಕ್ಷೆಯ ವಿಧಾನವನ್ನು ಎರಡನೆಯ ಬಾರಿ ಕೃತಕವಾಗಿ ಬೇರೆ ಮಾತುಗಳಲ್ಲಿ ಹೇಳಿದರೆ ಓದುಗರಿಗೆ ವಿಧಾನವೇ ಬೇರೆಯೇನೋ ಎಂಬ ಗೊಂದಲ ಉಂಟಾಗುತ್ತದೆ. ‘ಈ ವಿವರಣೆ ನಮ್ಮ ಹಿಂದಿನ ಲೇಖನದಿಂದ ತೆಗೆದುಕೊಂಡದ್ದು’ ಎಂದು ಸ್ಪಷ್ಟವಾಗಿ ಹೇಳಿದರೆ ಸಾಕಾಗಬೇಕು. ಆದರೆ ಅದೇ ಫಲಿತಾಂಶವನ್ನು ಹೊಸದೆಂಬಂತೆ ಎರಡನೆಯ ಬಾರಿ ಪ್ರಕಟಿಸುವುದು ಖಂಡಿತ ಬೇರೆ ವಿಷಯ. ಒಂದೇ ರೋಗಿಗಳ ಗುಂಪಿನ ಫಲಿತಾಂಶ ಎರಡು ಅಧ್ಯಯನಗಳಂತೆ ಕಾಣಿಸಿಕೊಂಡರೆ, ಮುಂದೆ ಎಲ್ಲ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸುವವರು ಅದನ್ನು ಎರಡು ಸಲ ಎಣಿಸುತ್ತಾರೆ. ಚಿಕಿತ್ಸೆಯೊಂದರ ಪರಿಣಾಮ ಇರುವುದಕ್ಕಿಂತ ದೊಡ್ಡದಾಗಿ ಕಾಣಬಹುದು. ಅಲ್ಲಿ ಹಾನಿಯಾಗುವುದು ಪತ್ರಿಕೆಗಲ್ಲ, ರೋಗಿಗಳಿಗೆ.

ಅನುವಾದದ ವಿಚಾರದಲ್ಲಿ ಎಲ್ಲವನ್ನೂ ಕಳವು ಎಂದು ನೋಡಬಾರದು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯಾದ ಐಸಿಎಂಜೆಇ, ಒಂದೇ ಲೇಖನವನ್ನು ಬೇರೆ ಓದುಗರಿಗಾಗಿ ಇನ್ನೊಂದು ಭಾಷೆಯಲ್ಲಿ ಮರುಪ್ರಕಟಿಸುವುದಕ್ಕೆ ಅವಕಾಶ ಕೊಡುತ್ತದೆ. ಎರಡೂ ಪತ್ರಿಕೆಗಳ ಸಂಪಾದಕರ ಒಪ್ಪಿಗೆ ಇರಬೇಕು, ಮೊದಲ ಪ್ರಕಟಣೆಯ ದತ್ತಾಂಶ ಮತ್ತು ಅರ್ಥವಿವರಣೆ ಬದಲಾಗಬಾರದು, ಇದು ಎರಡನೆಯ ಪ್ರಕಟಣೆ ಎಂಬುದು ಓದುಗರಿಗೆ ಮೊದಲ ನೋಟಕ್ಕೇ ತಿಳಿಯಬೇಕು. ನಿಮ್ಮ ನಿಯಮದಲ್ಲಿ ಈ ದಾರಿಯನ್ನು ತೆರೆದಿಡಿ. ನೇರ ದಾರಿ ಇದೆ ಎಂದು ತಿಳಿದಾಗ ಅನುವಾದವನ್ನು ಬಚ್ಚಿಡುವವರ ಸಂಖ್ಯೆ ಕಡಿಮೆಯಾಗುತ್ತದೆ ಎಂಬುದು ನನ್ನ ನಂಬಿಕೆ. ಬಚ್ಚಿಟ್ಟ ಅನುವಾದವನ್ನು ಹಿಡಿಯಲು ಎರಡೂ ಭಾಷೆಗಳಲ್ಲಿ ಓದುವ ವಿಮರ್ಶಕರನ್ನು ಆರಿಸಿಕೊಳ್ಳುವುದಕ್ಕಿಂತ ಉತ್ತಮ ಉಪಾಯ ಈಗಂತೂ ನನಗೆ ಕಾಣುತ್ತಿಲ್ಲ. ಉಲ್ಲೇಖಗಳ ಪಟ್ಟಿಯನ್ನೂ ಅವರು ಗಮನಿಸಲಿ. ವಾಕ್ಯಗಳು ಭಾಷೆಯಿಂದ ಭಾಷೆಗೆ ಬದಲಾದರೂ ಉಲ್ಲೇಖಗಳ ಅನುಕ್ರಮ ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ, ಮೂಲದಲ್ಲಿದ್ದ ಪುಟಸಂಖ್ಯೆಯ ತಪ್ಪುಗಳ ಸಮೇತ.

ಪ್ರಶ್ನೆ ಕೇಳಿದವರ ಮುಂದಿನ ಮಾತು

ಮೂವರಿಗೂ ಕೃತಜ್ಞತೆಗಳು. ಶೇಕಡಾ ಮಿತಿಯನ್ನು ಕರಡಿನಿಂದ ತೆಗೆದಿದ್ದೇನೆ. ಅದರ ಜಾಗದಲ್ಲಿ ವರದಿಯನ್ನು ಓದುವ ಕ್ರಮವನ್ನು ಬರೆಯುತ್ತಿದ್ದೇನೆ. ಇನ್ನೂ ಮೂರು ಸಂಗತಿಗಳು ಬಗೆಹರಿದಿಲ್ಲ. ಅನುಮಾನ ಗಟ್ಟಿಯಾದಾಗ ಲೇಖಕರಿಗೆ ಬರೆಯುವ ಮೊದಲ ಪತ್ರ ಹೇಗಿರಬೇಕು, ಅವರು ಉತ್ತರಿಸದಿದ್ದರೆ ಏನು ಮಾಡಬೇಕು? ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಬರಹವನ್ನು ಪತ್ತೆ ಮಾಡುವ ಸಾಧನವನ್ನೂ ಕಡ್ಡಾಯ ಮಾಡಬೇಕೆಂದು ಮಂಡಳಿಯ ಕೆಲವರು ಒತ್ತಾಯಿಸುತ್ತಿದ್ದಾರೆ, ಅದು ಸರಿಯೇ? ಮತ್ತು ವಿಮರ್ಶಕರೇ ಹಸ್ತಪ್ರತಿಯನ್ನು ದುರುಪಯೋಗ ಮಾಡುವ ಸಾಧ್ಯತೆಗೆ ನಿಯಮದಲ್ಲಿ ಜಾಗ ಬೇಕೇ?

ಉತ್ತರ 4: ಪ್ರಕಟಣಾ ನೀತಿಯ ದೂರುಗಳನ್ನು ನೋಡಿಕೊಳ್ಳುವವರು

ಕೊನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಎಲ್ಲರೂ ಕೊನೆಗೆ ಬಿಡುತ್ತಾರೆ. ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆ ಒಂದು ಹಸ್ತಪ್ರತಿಯನ್ನು ತಿರಸ್ಕರಿಸಿತ್ತು. ಅದನ್ನು ವಿಮರ್ಶೆ ಮಾಡಿದ್ದವರಲ್ಲಿ ಒಬ್ಬರು ಅದೇ ಕೆಲಸವನ್ನು ತಮ್ಮ ಹೆಸರಿನಲ್ಲಿ ಬೇರೊಂದು ಪತ್ರಿಕೆಯಲ್ಲಿ ಪ್ರಕಟಿಸಿದರು. ನಿಜವಾದ ಲೇಖಕರು ಆ ವಿಮರ್ಶಕರನ್ನು ಉದ್ದೇಶಿಸಿ ಬರೆದ ಬಹಿರಂಗ ಪತ್ರವನ್ನು 2016ರ ಕೊನೆಯಲ್ಲಿ ಆನಲ್ಸ್ ಪತ್ರಿಕೆಯೇ ಪ್ರಕಟಿಸಿತು, ಕದ್ದ ಲೇಖನವನ್ನು ಹಿಂತೆಗೆದುಕೊಳ್ಳಲಾಯಿತು. ವರ್ಷಗಳ ಶ್ರಮವನ್ನು ನಂಬಿಕೆಯಿಂದ ಒಪ್ಪಿಸಿದ ಜಾಗದಲ್ಲೇ ಅದು ಕಳುವಾಗುವುದಕ್ಕಿಂತ ದೊಡ್ಡ ವಂಚನೆ ನಮ್ಮ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಎಂದು ನಾನು ಭಾವಿಸುತ್ತೇನೆ. ಆದ್ದರಿಂದ ನಿಯಮದಲ್ಲಿ ಇದಕ್ಕೆ ಜಾಗ ಬೇಕೇ ಬೇಕು. ವಿಮರ್ಶೆಗೆ ಒಪ್ಪುವಾಗಲೇ ಗೋಪ್ಯತೆಯ ಒಪ್ಪಿಗೆ ಪಡೆಯಿರಿ. ಯಾವ ಹಸ್ತಪ್ರತಿ ಯಾವ ದಿನ ಯಾರಿಗೆ ಹೋಯಿತು ಎಂಬ ದಾಖಲೆಯನ್ನು, ಲೇಖನ ತಿರಸ್ಕೃತವಾದ ಮೇಲೂ, ಅಳಿಸದೆ ಇಟ್ಟುಕೊಳ್ಳಿ. ಗೋಪ್ಯತೆಗೆ ಖಾತರಿಯಿಲ್ಲದ ಕೃತಕ ಬುದ್ಧಿಮತ್ತೆಯ ಸಾಧನಗಳಿಗೆ ವಿಮರ್ಶಕರು ಹಸ್ತಪ್ರತಿಯನ್ನು ಏರಿಸಬಾರದು ಎಂದು ಐಸಿಎಂಜೆಇ 2023ರಿಂದ ಹೇಳುತ್ತಿದೆ; ಅದೇ ಮಾತನ್ನು ನೀವೂ ಸೇರಿಸಿಕೊಳ್ಳಬಹುದು. ಲೇಖಕರಿಗೆ ಇರುವ ರಕ್ಷಣೆಯೆಂದರೆ ದಿನಾಂಕದ ಸಮೇತ ಉಳಿಯುವ ಸಾರ್ವಜನಿಕ ದಾಖಲೆ. ಆದ್ದರಿಂದ ಪ್ರಿಪ್ರಿಂಟ್ ಇರುವ ಲೇಖನಗಳನ್ನು ಸ್ವೀಕರಿಸುತ್ತೇವೆ ಎಂದು ನಿಮ್ಮ ಪತ್ರಿಕೆ ಸ್ಪಷ್ಟವಾಗಿ ಪ್ರಕಟಿಸಬೇಕು. ನಿಮ್ಮ ಶೇಕಡಾ 34ರ ಪ್ರಕರಣವೂ ಅದರಿಂದಲೇ ಬಗೆಹರಿಯುತ್ತದೆ.

ಕೃತಕ ಬುದ್ಧಿಮತ್ತೆಯ ಬರಹವನ್ನು ಪತ್ತೆ ಮಾಡುವ ಸಾಧನಗಳನ್ನು ತೀರ್ಪಿಗೆ ಆಧಾರ ಮಾಡಿಕೊಳ್ಳಬೇಡಿ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಕಡಿಮೆಯಿದೆ ಎಂಬ ಕಾರಣಕ್ಕೆ 2023ರ ಜುಲೈನಲ್ಲಿ ನಿಲ್ಲಿಸಿತು. ಅದೇ ವರ್ಷ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಪರೀಕ್ಷೆಗಾಗಿ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಇಂಥ ಸಾಧನಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದ್ದವು. ಸರಳ ಇಂಗ್ಲಿಷಿನಲ್ಲಿ ಕಷ್ಟಪಟ್ಟು ಬರೆದ ಸಂಶೋಧಕನ ಮೇಲೆ ಇಂಥ ಆರೋಪ ಹೊರಿಸುವುದು ಅನ್ಯಾಯ. ಸಾಧನವನ್ನು ಎಲ್ಲಿ, ಹೇಗೆ ಬಳಸಿದಿರಿ ಎಂಬ ಘೋಷಣೆಯನ್ನು ಲೇಖಕರಿಂದಲೇ ಪಡೆಯಿರಿ. ಕೋಪ್‌ನ ನಿಲುವಿನ ಪ್ರಕಾರ ಇಂಥ ಸಾಧನ ಲೇಖಕನ ಸ್ಥಾನ ಪಡೆಯಲಾರದು, ಏಕೆಂದರೆ ಬರೆದದ್ದಕ್ಕೆ ಹೊಣೆ ಹೊರಲು ಅದಕ್ಕೆ ಸಾಧ್ಯವಿಲ್ಲ. ಸಾಧನ ಬರೆದುಕೊಟ್ಟ ಭಾಗದಲ್ಲಿ ಇನ್ನೊಬ್ಬರ ಮಾತು ಸೇರಿಕೊಂಡಿದ್ದರೆ ಅದರ ಹೊಣೆಯೂ ಲೇಖಕರದೇ.

ಇನ್ನು ಪತ್ರದ ವಿಚಾರ. ಮೊದಲ ಪತ್ರದಲ್ಲಿ ಕೃತಿಚೌರ್ಯ ಎಂಬ ಪದವನ್ನೇ ಬಳಸಬೇಡಿ. ಎರಡೂ ಬರಹಗಳ ಹೋಲುವ ಭಾಗಗಳನ್ನು ಅಕ್ಕಪಕ್ಕದಲ್ಲಿಟ್ಟು, ಇದಕ್ಕೆ ನಿಮ್ಮ ವಿವರಣೆ ಏನು ಎಂದು ಕೇಳಿ. ಚಿಕ್ಕ ಪ್ರಮಾಣದ್ದಾದರೆ, ಉದ್ಧರಣ ಚಿಹ್ನೆ ಮತ್ತು ಉಲ್ಲೇಖ ಸೇರಿಸಿ ತಿದ್ದಿ ಕಳುಹಿಸಿ ಎನ್ನುವುದಷ್ಟೇ ಸಾಕು. ದೊಡ್ಡದಾದರೆ ಸಂಪರ್ಕ ಲೇಖಕರಿಗೆ, ಅಂದರೆ ಎಲ್ಲ ಲೇಖಕರ ಪರವಾಗಿ ಪತ್ರಿಕೆಯೊಂದಿಗೆ ವ್ಯವಹರಿಸುವವರಿಗೆ, ಬರೆಯಿರಿ. ಉತ್ತರ ಬರದಿದ್ದರೆ ಉಳಿದ ಎಲ್ಲ ಸಹಲೇಖಕರಿಗೆ ಬರೆಯಿರಿ. ತಮ್ಮ ಹೆಸರು ಸೇರಿಸಲಾಗಿದೆ ಎಂಬುದೇ ಗೊತ್ತಿಲ್ಲದ ಸಹಲೇಖಕರು ಈ ಹಂತದಲ್ಲಿ ಪತ್ತೆಯಾಗುವುದುಂಟು. ಆಗಲೂ ಸಮಾಧಾನಕರ ಉತ್ತರ ಸಿಗದಿದ್ದರೆ ಅವರು ಕೆಲಸ ಮಾಡುವ ಸಂಸ್ಥೆಗೆ ಬರೆದು ತನಿಖೆಗೆ ಕೋರಬೇಕು. ಯಾರು ಎತ್ತಿಕೊಂಡರು, ಉದ್ದೇಶಪೂರ್ವಕವೇ ಎಂಬುದನ್ನು ತೀರ್ಮಾನಿಸುವ ಅಧಿಕಾರವಾಗಲಿ ಸಾಧನವಾಗಲಿ ಪತ್ರಿಕೆಗೆ ಇಲ್ಲ. ಪತ್ರಿಕೆಯ ಹೊಣೆ ತಾನು ಪ್ರಕಟಿಸುವ ದಾಖಲೆ ಸರಿಯಾಗಿರುವಂತೆ ನೋಡಿಕೊಳ್ಳುವುದು. ಲೇಖನವನ್ನು ತಿರಸ್ಕರಿಸಿ ಸುಮ್ಮನಾದರೆ ಅದೇ ಲೇಖನ ಮರುವಾರ ಇನ್ನೊಂದು ಪತ್ರಿಕೆಯ ಬಾಗಿಲಲ್ಲಿರುತ್ತದೆ ಎಂಬುದನ್ನು ಸಣ್ಣ ಪತ್ರಿಕೆಗಳು ಬಹಳ ಸಲ ಮರೆಯುತ್ತವೆ.

ಪ್ರಕಟವಾದ ಮೇಲೆ ಗೊತ್ತಾದರೆ, ಲೇಖನವನ್ನು ಜಾಲತಾಣದಿಂದ ಸದ್ದಿಲ್ಲದೆ ಅಳಿಸಿಹಾಕುವುದು ಅತ್ಯಂತ ಕೆಟ್ಟ ದಾರಿ. ಅದನ್ನು ಈಗಾಗಲೇ ಉಲ್ಲೇಖಿಸಿದವರಿಗೆ ಏನಾಯಿತೆಂಬುದೇ ತಿಳಿಯುವುದಿಲ್ಲ. ಹಿಂತೆಗೆತದ ಪ್ರಕಟಣೆ ಪ್ರತ್ಯೇಕವಾಗಿ, ಎಲ್ಲರಿಗೂ ಉಚಿತವಾಗಿ ಸಿಗುವಂತೆ, ಮೂಲ ಲೇಖನಕ್ಕೆ ಕೊಂಡಿಯೊಂದಿಗೆ ಇರಬೇಕು. ಯಾರು ಹಿಂತೆಗೆದುಕೊಂಡರು, ಏಕೆ ಎಂಬುದನ್ನು ಹೇಳಬೇಕು. ಯಾರ ಕೆಲಸ ಕಳುವಾಗಿತ್ತೋ ಆ ಮೂಲ ಲೇಖನವನ್ನು ಹೆಸರಿಸಬೇಕು. ತನಿಖೆ ಎಳೆದಾಡುತ್ತಿದ್ದರೆ ಕಳವಳದ ಸೂಚನೆಯನ್ನು, ಅಂದರೆ ಲೇಖನದ ಬಗ್ಗೆ ಅನುಮಾನವಿದೆ ಎಂದು ಓದುಗರನ್ನು ಎಚ್ಚರಿಸುವ ಪ್ರಕಟಣೆಯನ್ನು, ಹೊರಡಿಸುವ ದಾರಿಯಿದೆ. ಹಿಂತೆಗೆತ ಶಿಕ್ಷೆಯಲ್ಲ, ಓದುಗರಿಗೆ ಕೊಡುವ ತಿದ್ದುಪಡಿ ಎಂದು ಕೋಪ್‌ನ ಮಾರ್ಗಸೂಚಿ ಹೇಳುತ್ತದೆ. ಹಿಂತೆಗೆತಗಳ ಸುದ್ದಿ ಬರೆಯುವ, 2010ರಲ್ಲಿ ಆರಂಭವಾದ ರಿಟ್ರಾಕ್ಷನ್ ವಾಚ್ ಎಂಬ ಜಾಲತಾಣ ಕಟ್ಟಿದ ಹಿಂತೆಗೆತಗಳ ದತ್ತಸಂಗ್ರಹವನ್ನು 2023ರಲ್ಲಿ ಕ್ರಾಸ್‌ರೆಫ್ ತನ್ನದಾಗಿಸಿಕೊಂಡು ಎಲ್ಲರಿಗೂ ಮುಕ್ತಗೊಳಿಸಿದೆ. ಬಂದ ಲೇಖನದ ಉಲ್ಲೇಖಪಟ್ಟಿಯನ್ನು ಅದರೊಂದಿಗೆ ಹೋಲಿಸಿ ನೋಡುವ ಅಭ್ಯಾಸವನ್ನು ನಿಮ್ಮ ಕ್ರಮದಲ್ಲಿ ಸೇರಿಸಿಕೊಳ್ಳಿ.

ಉತ್ತರ 5: ವಿಜ್ಞಾನ ಪತ್ರಿಕೆಯೊಂದರ ಸಂಪಾದಕ

ಸಹಲೇಖಕರ ಪ್ರಸ್ತಾಪ ಬಂದದ್ದರಿಂದ ಒಂದು ಮಾತು. ಲೇಖನ ಸಲ್ಲಿಸುವಾಗಲೇ ಪ್ರತಿಯೊಬ್ಬ ಲೇಖಕರಿಗೂ ಪತ್ರಿಕೆಯಿಂದ ನೇರವಾಗಿ ಇಮೇಲ್ ಹೋಗಿ, ಅವರು ಒಪ್ಪಿಗೆ ಸೂಚಿಸಿದ ಮೇಲಷ್ಟೇ ಲೇಖನ ಮುಂದೆ ಹೋಗುವಂತೆ ಮಾಡಿ. ಪ್ರತಿ ಸಂಶೋಧಕರನ್ನೂ ಪ್ರತ್ಯೇಕವಾಗಿ ಗುರುತಿಸುವ, 2012ರಿಂದ ಬಳಕೆಯಲ್ಲಿರುವ ಆರ್ಕಿಡ್ ಗುರುತುಸಂಖ್ಯೆಯನ್ನು ಕೇಳಿ. ಯಾರು ಯಾವ ಕೆಲಸ ಮಾಡಿದರು ಎಂಬುದನ್ನು 14 ಪಾತ್ರಗಳಲ್ಲಿ ವಿಂಗಡಿಸುವ ಕ್ರೆಡಿಟ್ ಪಟ್ಟಿಯನ್ನು ತುಂಬಿಸಿಕೊಳ್ಳಿ. ಮೊದಲ ಕರಡನ್ನು ಬರೆದವರು ಯಾರು ಎಂದು ಹೆಸರಿಸಬೇಕಾಗಿ ಬಂದಾಗ, ಬರಹದ ಹೊಣೆ ಗುಂಪಿನ ನಡುವೆ ಕಳೆದುಹೋಗುವುದಿಲ್ಲ.

ಮಂಡಳಿಯ ಮುಂದಿಡಲು ನಿಯಮದ ಕೇಂದ್ರ ವಾಕ್ಯವನ್ನು ಹೀಗೆ ಸೂಚಿಸುತ್ತೇನೆ: ‘ಸಲ್ಲಿಕೆಯಾದ ಪ್ರತಿ ಲೇಖನದ ಹೋಲಿಕೆ ವರದಿಯನ್ನು ಸಂಪಾದಕರೊಬ್ಬರು ಪೂರ್ತಿಯಾಗಿ ಓದುತ್ತಾರೆ, ಹೋಲಿಕೆಯ ಪ್ರಮಾಣ ಮಾತ್ರದಿಂದ ಯಾವ ಲೇಖನವನ್ನೂ ಸ್ವೀಕರಿಸುವುದಿಲ್ಲ, ತಿರಸ್ಕರಿಸುವುದಿಲ್ಲ, ವಿವರಣೆ ನೀಡಲು ಲೇಖಕರಿಗೆ ಅವಕಾಶ ಕೊಡದೆ ಯಾವ ತೀರ್ಮಾನವನ್ನೂ ಕೈಗೊಳ್ಳುವುದಿಲ್ಲ.’ ಲೇಖಕರು ತಮ್ಮ ಹಿಂದಿನ ಪ್ರಕಟಣೆ, ಪ್ರಿಪ್ರಿಂಟ್, ಪ್ರಬಂಧ ಮತ್ತು ಅನುವಾದಗಳ ವಿವರವನ್ನು ಸಲ್ಲಿಕೆಯ ಪತ್ರದಲ್ಲೇ ಘೋಷಿಸಬೇಕೆಂಬ ಷರತ್ತು ಇದರ ಕೆಳಗೆ ಬರಲಿ. ವಿವರಣೆಗೆ ಎಷ್ಟು ದಿನಗಳ ಗಡುವು ಎಂಬುದನ್ನು ನಿಯಮದಲ್ಲೇ ನಮೂದಿಸಿ, ಎಲ್ಲ ಲೇಖಕರಿಗೂ, ಹೆಸರಾಂತ ಪ್ರಾಧ್ಯಾಪಕರಿಗೂ ಹೊಸ ಸಂಶೋಧಕರಿಗೂ, ಅದೇ ಗಡುವನ್ನು ಅನ್ವಯಿಸಿ. ಮಂಡಳಿಯ ಸದಸ್ಯರೇ ಲೇಖಕರಾಗಿದ್ದಾಗ ಆ ವರದಿಯನ್ನು ಹೊರಗಿನ ಸಂಪಾದಕರೊಬ್ಬರು ಓದಬೇಕೆಂಬ ಸಾಲನ್ನೂ ಈಗಲೇ ಸೇರಿಸಿಬಿಡಿ. ಅಂಥ ಪ್ರಕರಣ ಎದುರಾದ ಮೇಲೆ ಆ ಸಾಲನ್ನು ಸೇರಿಸುವುದು ಯಾವ ಮಂಡಳಿಗೂ ಸುಲಭವಾಗುವುದಿಲ್ಲ.